ಕಳವಾದ ಮನೆಯಲ್ಲಿ ಕೂತು ಓದಿದ್ದು

"ಎಷ್ಟು ಗ್ರಾಂ?" ಎಂದು ಠಾಣೆಯಲ್ಲಿ ಕೇಳಿದರು.

"ಅದು ನಮ್ಮಮ್ಮಂದು ಸರ್, ಗೌರಿ ಹಬ್ಬಕ್ಕೆ ಮಾತ್ರ ಹಾಕ್ಕೊಳ್ತಿದ್ದರು" ಎಂದಳು ಅಮ್ಮ.

ಬರೆದುಕೊಳ್ಳುತ್ತಿದ್ದವರು ಪೆನ್ನು ಎತ್ತಿ ಹಿಡಿದು ಕಾದರು. ಅವರಲ್ಲಿ ಅಸಹನೆಯೇನೂ ಇರಲಿಲ್ಲ, ಇಂಥ ಉತ್ತರ ಅವರಿಗೆ ದಿನವೂ ಸಿಗುತ್ತಿರಬೇಕು. ಕೊನೆಗೆ ಪೇಪರ್ ನನ್ನ ಕಡೆ ತಳ್ಳಿ, "ನೀವು ಓದಿದೋರು, ಪಟ್ಟಿ ಮಾಡಿಕೊಡಿ" ಎಂದರು. ಕಾಸಿನ ಸರ ಒಂದು, ಅವಲಕ್ಕಿ ಸರ ಒಂದು, ಬಳೆ ನಾಲ್ಕು, ಜುಮುಕಿ ಒಂದು ಜೊತೆ, ಬೆಳ್ಳಿ ಚೊಂಬು, ಎರಡು ದೀಪದ ಕಂಬ, ಕುಂಕುಮದ ಬಟ್ಟಲು, ಲ್ಯಾಪ್‌ಟಾಪ್ ಒಂದು. ಇಷ್ಟು ಬರೆಯಲು ಒಂದು ಗಂಟೆ ಹಿಡಿಯಿತು. ಒಂದೊಂದು ಒಡವೆಗೂ ಅಮ್ಮನ ಬಳಿ ಒಂದೊಂದು ಕಥೆಯಿತ್ತು, ನನಗೆ ಬೇಕಾಗಿದ್ದದ್ದು ತೂಕ. ಐದು ವರ್ಷದಿಂದ ಹಳಗನ್ನಡ ಗದ್ಯಕಥನದ ಬಗ್ಗೆ ಪ್ರಬಂಧ ಬರೆಯುತ್ತಿರುವ ನಾನು ಆ ದಿನ ಬರೆದದ್ದು ಕಥೆಯನ್ನೆಲ್ಲ ಸೋಸಿ ತೆಗೆದ ಗದ್ಯ. ಅದರ ಬಗ್ಗೆ ನನಗಿನ್ನೂ ನಾಚಿಕೆಯಿದೆ. ಅದಕ್ಕೇ ಈ ಬರಹ.

ನಮ್ಮ ಮನೆ ಇರುವುದು ಬಸವೇಶ್ವರನಗರದಲ್ಲಿ, ಹಾವನೂರು ಸರ್ಕಲ್ಲಿನಿಂದ ನಡೆದು ಹೋಗುವಷ್ಟು ದೂರದಲ್ಲಿ. ಕಳೆದ ವರ್ಷ ಕಾರ್ತಿಕದಲ್ಲಿ ತಿಪಟೂರಿನ ಕಡೆ ಒಂದು ಗೃಹಪ್ರವೇಶಕ್ಕೆ ಹೋಗಿ ಎರಡು ರಾತ್ರಿ ಉಳಿದಿದ್ದೆವು. ಬಂದು ನೋಡಿದರೆ ಮುಂಬಾಗಿಲಿನ ಬೀಗ ಹಾಕಿದ ಹಾಗೇ ಇದೆ, ಹಿಂಬಾಗಿಲಿನ ಚಿಲಕ ಕಿತ್ತು ನೇತಾಡುತ್ತಿದೆ. ಬೀರುವನ್ನು ಯಾರೂ ಒಡೆದಿರಲಿಲ್ಲ. ಸೀರೆ ಮಡಿಕೆಯ ಕೆಳಗೆ ಇಟ್ಟಿದ್ದ ಬೀಗದ ಕೈಯಿಂದಲೇ ತೆಗೆದಿದ್ದರು. ಅಕ್ಕಿ ಡಬ್ಬ ಬೋರಲು ಬಿದ್ದಿತ್ತು. ಸಾಸಿವೆ ಡಬ್ಬಿ, ದೇವರ ಮನೆಯ ಪೀಠದ ಹಿಂಬದಿ, ಹಳೆಯ ಹಾಸಿಗೆಯ ಹೊಲಿಗೆ, ಹೀಗೆ ಹೆಂಗಸರು ತಲೆತಲಾಂತರದಿಂದ ಗುಟ್ಟು ಅಂದುಕೊಂಡು ಬಂದ ಜಾಗಗಳನ್ನೆಲ್ಲ ಒಂದೂ ಬಿಡದೆ ನೋಡಿದ್ದರು. ನನ್ನ ಕೋಣೆಯಲ್ಲಿ ದಪ್ಪ ಪುಸ್ತಕಗಳು ಮಾತ್ರ ನೆಲಕ್ಕೆ ಬಿದ್ದಿದ್ದವು. ಹಾಳೆಗಳ ನಡುವೆ ನೋಟು ಇಡುವವರಿರುತ್ತಾರೆ ಎಂದು ಅವರಿಗೆ ಗೊತ್ತು. ಡಿ.ಎಲ್. ನರಸಿಂಹಾಚಾರ್ ಸಂಪಾದಿಸಿದ 'ವಡ್ಡಾರಾಧನೆ' ಬೆನ್ನು ಮೇಲಾಗಿ ಬಿದ್ದಿತ್ತು. ಕವನ ಸಂಕಲನಗಳನ್ನು ಮುಟ್ಟಿರಲಿಲ್ಲ.

ಬೆರಳಚ್ಚಿನವರು ಬಂದು ಬೀರುವಿಗೆ ಪುಡಿ ಹಚ್ಚಿ ಹೋದರು. ಆ ಪುಡಿ ಒರೆಸುತ್ತಾ ಒಂದು ಮಾತು ತಲೆಗೆ ಹೊಕ್ಕು ಕೂತಿತು: ನಮ್ಮ ಮನೆಯನ್ನು ಇಷ್ಟು ಗಮನವಿಟ್ಟು ಓದಿದವರು ಇನ್ನೊಬ್ಬರಿಲ್ಲ. ಹೀಗೆ ಹೊಳೆದದ್ದಕ್ಕೆ ಕಾರಣ ಸಾಹಿತ್ಯವೇ ಇರಬೇಕು. ನಾವು ಓದಿರುವ ಕಥೆಗಳಲ್ಲಿ ಕಳ್ಳನಿಗೆ ಮನಸ್ಸಿದೆ, ಬುದ್ಧಿಯಿದೆ, ವಿದ್ಯೆಯಿದೆ. ಕಳಕೊಂಡವರಿಗೆ ಏನಿದೆ? ಆ ಚಳಿಗಾಲವೆಲ್ಲ ನಾನು ಇದನ್ನೇ ಹುಡುಕಿಕೊಂಡು ಓದಿದೆ. ರಾತ್ರಿ ಹೇಗೂ ನಿದ್ದೆ ಬರುತ್ತಿರಲಿಲ್ಲ.

ನೆಲದಿಂದ ಎತ್ತಿಕೊಂಡ ಪುಸ್ತಕದಿಂದಲೇ ಶುರು ಮಾಡಿದೆ. ವಡ್ಡಾರಾಧನೆಯ 19 ಕಥೆಗಳಲ್ಲಿ ವಿದ್ಯುಚ್ಚೋರನದೂ ಒಂದು. ಮಿಥಿಲೆಯಲ್ಲಿ ಹಗಲು ಕುಷ್ಠರೋಗಿಯ ವೇಷ ಹಾಕಿ ಬಿದ್ದಿರುವ, ರಾತ್ರಿ ಕಳವಿಗೆ ಹೊರಡುವ ಈತ ವಾಮರಥ ರಾಜನ ಹಾರವನ್ನೇ ಎಗರಿಸುತ್ತಾನೆ. ಏಳು ದಿನದೊಳಗೆ ಕಳ್ಳನನ್ನು ಹಿಡಿಯದಿದ್ದರೆ ತಳಾರ ಯಮದಂಡನ ತಲೆ ಉಳಿಯದು. ಅವನು ಹಿಡಿದು ತರುತ್ತಾನೆ, ಹಿಂಸಿಸುತ್ತಾನೆ, ಇವನು ಬಾಯಿ ಬಿಡುವುದಿಲ್ಲ. ಆಮೇಲೆ ಗೊತ್ತಾಗುವ ಸಂಗತಿಯೇ ಬೇರೆ. ಇಬ್ಬರೂ ಬಾಲ್ಯದ ಗೆಳೆಯರು. ಒಬ್ಬ ಕಳ್ಳತನದ ಶಾಸ್ತ್ರ ಕಲಿತ, ಇನ್ನೊಬ್ಬ ಕಾವಲಿನ ಶಾಸ್ತ್ರ ಕಲಿತ. ನೀನು ಕಾಯುವ ಊರಿನಲ್ಲೇ ಕದಿಯುತ್ತೇನೆ ಎಂದು ಇವನು ಅವನಿಗೆ ಪಂಥ ಕಟ್ಟಿದ್ದ.

ಎಂ.ಎ. ಓದುವಾಗ ಈ ಕಥೆಯನ್ನು ವೇಷ ಮತ್ತು ವೈರಾಗ್ಯದ ಕಥೆಯಾಗಿ ಓದಿ ಅಂಕ ಪಡೆದಿದ್ದೆ. ಈಗ ಓದಿದರೆ ಮಿಥಿಲೆಯ ಮನೆಗಳು ಕಣ್ಣಿಗೆ ಬೀಳುತ್ತವೆ. ಇಬ್ಬರು ವಿದ್ಯಾವಂತ ಗೆಳೆಯರ ಪಂದ್ಯಕ್ಕೆ ಇಡೀ ಊರು ಆಟದ ಹಾಸು. ಕದ್ದವನು ಕೊನೆಗೆ ಋಷಿಯಾಗಿ ಮೋಕ್ಷ ಪಡೆಯುತ್ತಾನೆ. ಕಳಕೊಂಡ ರಾಜನಿಗೂ ದುಃಖವೆಂಬುದಿಲ್ಲ, ಕೋಪ ಮಾತ್ರ. ಕಥೆಗಾರನ ತಪ್ಪು ಎನ್ನುತ್ತಿಲ್ಲ. ಜೈನ ಕಥನದ ದಾರಿ ಒಡವೆಯನ್ನು ಬಿಡುವುದರ ಕಡೆಗೆ ಹೋಗುತ್ತದೆ, ಹುಡುಕಿಕೊಂಡು ಬರುವುದರ ಕಡೆಗಲ್ಲ. ಆದರೂ ನನ್ನ ಪ್ರಬಂಧದ ಎರಡನೇ ಅಧ್ಯಾಯ ಇದೇ ಕಥೆಯ ಮೇಲಿತ್ತು, ಅದರ ಟಿಪ್ಪಣಿಗಳೆಲ್ಲ ಹೋದ ಲ್ಯಾಪ್‌ಟಾಪಿನಲ್ಲಿದ್ದವು. ವಿದ್ಯುಚ್ಚೋರನ ಮೇಲೆ ಸ್ವಲ್ಪ ಸಿಟ್ಟು ಮಾಡಿಕೊಳ್ಳುವ ಹಕ್ಕು ನನಗಿದೆ.

ಶೂದ್ರಕನ 'ಮೃಚ್ಛಕಟಿಕ'ಕ್ಕೆ ಬರೋಣ. ಕನ್ನಡದಲ್ಲಿ ಬನ್ನಂಜೆ ಗೋವಿಂದಾಚಾರ್ಯರ 'ಆವೆಯ ಮಣ್ಣಿನ ಆಟದ ಬಂಡಿ'ಯಾಗಿ ಇದನ್ನು ಓದಿದವರಿದ್ದಾರೆ. 1984ರಲ್ಲಿ ಗಿರೀಶ ಕಾರ್ನಾಡರು ಹಿಂದಿಯಲ್ಲಿ ತೆಗೆದ 'ಉತ್ಸವ್' ನೋಡಿದವರು ಇನ್ನೂ ಹೆಚ್ಚು. ಅದರ ಮೂರನೆಯ ಅಂಕದಲ್ಲಿ ಶರ್ವಿಲಕ ಚಾರುದತ್ತನ ಮನೆಗೆ ಕನ್ನ ಹಾಕುವ ದೃಶ್ಯವನ್ನು ಮೆಚ್ಚದ ವಿಮರ್ಶಕರಿಲ್ಲ. ಸುಟ್ಟ ಇಟ್ಟಿಗೆಯ ಗೋಡೆಯಾದರೆ ಎಳೆದು ತೆಗೆಯಬೇಕು, ಹಸಿ ಇಟ್ಟಿಗೆಯಾದರೆ ಕತ್ತರಿಸಬೇಕು, ಮಣ್ಣಿನದಾದರೆ ನೀರು ಹಾಕಿ ನೆನೆಸಬೇಕು. ಕನ್ನದ ಆಕಾರ ಅರಳಿದ ತಾವರೆಯದೋ, ಸೂರ್ಯನದೋ, ಎಳೆಚಂದ್ರನದೋ, ಸ್ವಸ್ತಿಕವೋ? ಒಟ್ಟು ಏಳು ಬಗೆ. ಅವನು ಪೂರ್ಣಕುಂಭವನ್ನು ಆರಿಸುತ್ತಾನೆ, ಬೆಳಗ್ಗೆ ನೋಡಿದವರು ಕೈಚಳಕವನ್ನು ಹೊಗಳಬೇಕಲ್ಲ! ಅಳತೆಗೆ ದಾರ ಮರೆತುಬಂದು ಜನಿವಾರವನ್ನೇ ಬಳಸುತ್ತಾನೆ. ಸಂಸ್ಕೃತದಲ್ಲಿ ಕನ್ನಕ್ಕೆ ಸಂಧಿ ಎನ್ನುತ್ತಾರೆ, ಕನ್ನ ಕೊರೆಯುವುದು ಸಂಧಿಚ್ಛೇದ. ವ್ಯಾಕರಣದ ಪರೀಕ್ಷೆಯಲ್ಲಿ ಸಂಧಿ ಬಿಡಿಸುತ್ತಾ ಕೂತಿದ್ದಾಗ ಇದು ಗೊತ್ತಿದ್ದಿದ್ದರೆ ಆ ತರಗತಿ ಇನ್ನಷ್ಟು ಸಹ್ಯವಾಗುತ್ತಿತ್ತು. 2024ರ ಜುಲೈ 1ರಿಂದ ಐಪಿಸಿಯ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 330ನೇ ಕಲಮಿನಲ್ಲೂ ಮನೆ ಮುರಿದು ನುಗ್ಗುವ ಆರು ಬಗೆಗಳಿವೆ. ತಾನೇ ದಾರಿ ಕೊರೆದು, ಗೋಡೆ ಹತ್ತಿ, ಬೀಗ ತೆಗೆದು, ಹೀಗೆ ಸಾಗುವ ಆ ಪಟ್ಟಿ ಶರ್ವಿಲಕನ ಏಳಕ್ಕೆ ಒಂದೇ ಕಡಿಮೆ. ನಮ್ಮ ದೂರಿನಲ್ಲಿ ಬಿದ್ದದ್ದು ವಾಸದ ಮನೆಯ ಕಳವಿಗೆ ಹಾಕುವ 305 ಮತ್ತು ಮನೆ ಮುರಿದದ್ದಕ್ಕೆ ಹಾಕುವ 331. ಹಳಬರ ಬಾಯಲ್ಲಿ ಅವು ಇನ್ನೂ 380 ಮತ್ತು 457.

ಈ ದೃಶ್ಯವನ್ನು ಹೊಗಳಿ ಸಾಲದು ಎನಿಸುವುದು ಮುಂದಿನದನ್ನು ಓದಿದಾಗ. ಚಾರುದತ್ತ ಎದ್ದು ಬಂದು ಕನ್ನ ನೋಡಿ ಮೊದಲು ಅದರ ಅಂದಕ್ಕೆ ತಲೆದೂಗುತ್ತಾನೆ. ಇಷ್ಟು ಕಷ್ಟಪಟ್ಟವನು ಬರಿಗೈಯಲ್ಲಿ ಹೋದನಲ್ಲ ಎಂದು ಮರುಗುತ್ತಾನೆ. ಏನೋ ಸಿಕ್ಕಿದೆ ಎಂದು ತಿಳಿದಾಗ ಸಂತೋಷ. ಹೋದದ್ದು ವಸಂತಸೇನೆ ನಂಬಿ ಇಟ್ಟಿದ್ದ ಒಡವೆ ಎಂದು ತಿಳಿದಾಗ ಮಾತ್ರ ಕುಸಿಯುತ್ತಾನೆ. ಬಡವನ ಮಾತನ್ನು ಯಾರು ನಂಬುತ್ತಾರೆ, ತಾನೇ ನುಂಗಿದ ಎನ್ನುವುದಿಲ್ಲವೆ? ಇದು ನಿಜವಾದ ಭಯ. ಠಾಣೆಯಲ್ಲಿ ಅಪ್ಪ ಹಳೆಯ ರಸೀದಿಗಳಿಗಾಗಿ ಚೀಲ ತಡಕಾಡುತ್ತಿದ್ದಾಗ ಅವರ ಮುಖದಲ್ಲಿ ಇದ್ದದ್ದೂ ಅದೇ.

ಆ ಋಣವನ್ನು ತೀರಿಸುವುದು ಯಾರು? ಚಾರುದತ್ತನ ಹೆಂಡತಿ ಧೂತೆ. ತವರಿನಿಂದ ಬಂದ, ಅವಳ ಬಳಿ ಉಳಿದಿದ್ದ ಒಂದೇ ರತ್ನಮಾಲೆಯನ್ನು, ಗಂಡನ ಮಾನ ಹೋಗಬಾರದೆಂದು, ವ್ರತದ ದಾನ ಎಂಬ ನೆಪ ಮಾಡಿ ವಿದೂಷಕನ ಕೈಗೆ ಕೊಡುತ್ತಾಳೆ. ನಾಟಕ ಇದಕ್ಕೆ ಕೆಲವೇ ಮಾತುಗಳನ್ನು ಖರ್ಚು ಮಾಡುತ್ತದೆ. ಕಳ್ಳನ ಕನ್ನದ ಆಕಾರಕ್ಕೆ ಕೊಟ್ಟ ಜಾಗದ ಕಾಲುಭಾಗವೂ ಈ ಮಾಲೆಗೆ ಸಿಕ್ಕಿಲ್ಲ. ಆ ಮನೆಯಲ್ಲಿ ಆ ರಾತ್ರಿ ನಿಜಕ್ಕೂ ಏನನ್ನಾದರೂ ಕಳಕೊಂಡವಳು ಅವಳೊಬ್ಬಳೇ ಎಂದು ನನ್ನ ವಾದ. ಶರ್ವಿಲಕ ಕದ್ದದ್ದು ತಿರುಗಿ ವಸಂತಸೇನೆಗೇ ಸೇರುತ್ತದೆ.

ನಮ್ಮ ಮನೆಯ ಕಾಸಿನ ಸರವೂ ಅಮ್ಮನ ತವರಿನದು. ಮನೆ ಅಪ್ಪನ ಹೆಸರಿನಲ್ಲಿದೆ, ತಿಪಟೂರಿನ ತೋಟದಲ್ಲಿ ಚಿಕ್ಕಪ್ಪಂದಿರ ಪಾಲಿದೆ, ಬ್ಯಾಂಕಿನ ಖಾತೆ ಜಂಟಿ. ಯಾರನ್ನೂ ಕೇಳದೆ ನನ್ನದು ಎಂದು ಅಮ್ಮ ಹೇಳಬಹುದಾಗಿದ್ದದ್ದು ಆ ಬೀರುವಿನ ಒಳಖಾನೆ ಒಂದೇ. ಅದನ್ನು ಅವಳು ನನ್ನ ಮದುವೆಗೆಂದು ಎತ್ತಿಟ್ಟಿದ್ದಳು. ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಪಿಎಚ್.ಡಿ. ಮುಗಿಯಲಿ ಎಂದು ನಾನು ಮೂರು ವರ್ಷದಿಂದ ಮದುವೆಯ ಮಾತನ್ನು ಮುಂದೂಡುತ್ತಾ ಬಂದಿದ್ದೆ. ಖಾಲಿ ಖಾನೆಯನ್ನು ನೋಡಿದ ಮೊದಲ ಗಳಿಗೆ ನನ್ನ ಮೈಯಲ್ಲಿ ಹಾದುಹೋದದ್ದು ದುಃಖವಲ್ಲ, ಹಗುರು. ಇನ್ನು ಒಂದೆರಡು ವರ್ಷ ಯಾರೂ ಆ ಮಾತು ಎತ್ತಲಾರರು ಎಂಬ ಹಗುರು. ಅಮ್ಮ ಅದನ್ನು ಗಮನಿಸಿದಳು ಎಂದು ಕಾಣುತ್ತದೆ. ಈವರೆಗೆ ಏನೂ ಕೇಳಿಲ್ಲ.

ಬಸವೇಶ್ವರನಗರದಲ್ಲಿ ಕೂತು ಕಳ್ಳತನದ ಬಗ್ಗೆ ಬರೆದು ಬಸವಣ್ಣನನ್ನು ಬಿಡಲಾಗದು. ಮಾಡಬಾರದ್ದರ ಪಟ್ಟಿಯನ್ನು ಕಳ್ಳತನದಿಂದಲೇ ಶುರುಮಾಡಿದ ವಚನ ಶಾಲೆಯ ಗೋಡೆಗಳ ಮೇಲೆಲ್ಲ ಇದೆ. ನನ್ನನ್ನು ಕಾಡಿದ್ದು ಇನ್ನೊಂದು. ತುರುಗಳನ್ನು ಕದ್ದೊಯ್ದರೆಂದು ಕೂಗಾಡಬೇಡಿ, ಅಲ್ಲಿ ಉಣ್ಣುವವನೂ ಸಂಗನೇ, ಇಲ್ಲಿ ಉಣ್ಣುವವನೂ ಸಂಗನೇ ಎಂಬ ಅರ್ಥದ ವಚನ. ಹಸುಗಳ ಹಿಂದೆಯೇ ಕರುಗಳನ್ನೂ ಕಳಿಸಿಕೊಟ್ಟ ಕಥೆ ಅದರ ಜೊತೆಗೇ ಬೆಳೆದು ಬಂದಿದೆ. ಕಳವಿನ ಸುದ್ದಿ ಕೇಳಿ ಬಂದ ನೆಂಟರೊಬ್ಬರು ಇದನ್ನೇ ಹೇಳಿ ಅಮ್ಮನಿಗೆ ಸಮಾಧಾನ ಮಾಡಿದರು. ಅಮ್ಮ ಕಾಫಿ ಕೊಟ್ಟು ಒಳಗೆ ಹೋದಳು.

ವಚನವನ್ನು ಸಾಂತ್ವನದ ಗುಳಿಗೆಯಾಗಿ ಕೊಡುವುದರಲ್ಲಿ ಏನೋ ತಪ್ಪಿದೆ. ಅದನ್ನು ಹೇಳಿದವನು ಬಿಜ್ಜಳನ ಭಂಡಾರಿ, ಕೀಲಿಕೈಯ ಭಾರ ಗೊತ್ತಿದ್ದವನು. ಇರುವುದೆಲ್ಲ ದಾಸೋಹದ್ದು, ತನ್ನದಲ್ಲ ಎಂದು ಮೊದಲೇ ಬಿಟ್ಟವನಿಗೆ ಅದು ಸಲ್ಲುವ ಮಾತು. ಬಿಡಲು ಮೊದಲು ತನ್ನದೆಂಬುದೊಂದು ಇರಬೇಕು. ತನ್ನದೆಂದು ಹೇಳಲು ಇದ್ದದ್ದೇ ಒಂದು ಖಾನೆಯಾಗಿರುವ ಹೆಂಗಸಿಗೆ ಬೇರೆಯವರು ಬಂದು ತ್ಯಾಗವನ್ನು ಬೋಧಿಸಿದರೆ ಅದು ಎರಡನೇ ಕಳವು. ವಚನದ ಮೇಲೆ ನನಗೆ ತಕರಾರಿಲ್ಲ. ಅದನ್ನು ಯಾರು ಯಾರಿಗೆ ಹೇಳುತ್ತಾರೆ ಎಂಬುದರ ಮೇಲಿದೆ.

ದೇವನೂರ ಮಹಾದೇವರ 'ಒಡಲಾಳ'ದ ಬಗ್ಗೆ ಬರೆಯುವುದು ನನಗೆ ಎಲ್ಲಕ್ಕಿಂತ ಕಷ್ಟ. ಅಲ್ಲಿ ಎರಡು ಕಳವುಗಳಿವೆ. ಸಾಕವ್ವನ ಹುಂಜ ಕಾಣೆಯಾಗಿದೆ, ಅವಳು ಕೇರಿಯೆಲ್ಲ ಹುಡುಕುತ್ತಾಳೆ. ಇನ್ನೊಂದು ಕಡೆ ಸಾಹುಕಾರ ಎತ್ತಪ್ಪನ ಕಡಲೆಕಾಯಿ ಕಳವಾಗಿದೆ. ಸಾಕವ್ವನ ಮನೆಮಂದಿಯೆಲ್ಲ ಒಂದು ರಾತ್ರಿ ಸುತ್ತ ಕೂತು ಆ ಕಡಲೆಕಾಯಿಯನ್ನು ತಿಂದು ಮುಗಿಸುವ ಭಾಗ ಕನ್ನಡ ಗದ್ಯದ ದೊಡ್ಡ ಹಬ್ಬಗಳಲ್ಲಿ ಒಂದು. ಹುಂಜಕ್ಕೆ ಪೊಲೀಸರು ಬರುವುದಿಲ್ಲ, ಕಡಲೆಕಾಯಿಗೆ ಬರುತ್ತಾರೆ. ಯಾರ ನಷ್ಟ ದೂರಾಗುತ್ತದೆ, ಯಾರದು ಬರೀ ಗೊಣಗಾಟವಾಗಿ ಉಳಿಯುತ್ತದೆ ಎಂಬುದನ್ನು ಮಹಾದೇವರು ವಿವರಿಸುವುದಿಲ್ಲ. ಹುಂಜ ಮತ್ತು ಕಡಲೆಕಾಯಿಯನ್ನು ಅಕ್ಕಪಕ್ಕ ಇಟ್ಟು ಸುಮ್ಮನಾಗುತ್ತಾರೆ. ಈ ಕೃತಿಯನ್ನು ಓದುವಾಗ ನಾನು ಯಾವತ್ತೂ ಸಾಕವ್ವನ ಮನೆಯ ಒಳಗೆ ಕೂತಿದ್ದೆ. ಓದುಗರೆಲ್ಲ ಅಲ್ಲೇ ಕೂರುತ್ತಾರೆ, ಅಲ್ಲಿ ಬೆಚ್ಚಗಿರುತ್ತದೆ.

ನಮ್ಮ ದೂರು ಬರೆಯುವಾಗ ಎಲ್ಲರಿಗೂ ಕೇಳುವ ಪ್ರಶ್ನೆಯನ್ನು ನಮಗೂ ಕೇಳಿದರು: ಯಾರ ಮೇಲಾದರೂ ಅನುಮಾನವಿದೆಯೆ? ಅಪ್ಪ ಇಲ್ಲವೆಂದರು. ಅಮ್ಮ ಒಂದು ಗಳಿಗೆ ತಡೆದು ಇಲ್ಲವೆಂದಳು. ಆ ಒಂದು ಗಳಿಗೆ ನನಗೆ ಕೇಳಿಸಿತು. ನಾನೇನು ಕಡಿಮೆ? ನನ್ನ ತಲೆಯಲ್ಲೂ ಅಷ್ಟೊತ್ತಿಗೆ ಒಂದು ಮುಖ ಬಂದು ಹೋಗಿತ್ತು. ಹನ್ನೊಂದು ವರ್ಷದಿಂದ ನಮ್ಮ ಮನೆಯ ಪಾತ್ರೆ ತೊಳೆದು ನೆಲ ಒರೆಸುವ, ನಾವೆಲ್ಲ ಅಕ್ಕ ಎನ್ನುವವರ ಮುಖ. ಜೊತೆಗೆ ಬಂದಿದ್ದ ಬಂಧುವೊಬ್ಬರು ಅಕ್ಕನ ಹೆಸರನ್ನು ಹೇಳಿಯೇಬಿಟ್ಟರು. ಮಾರನೆಯ ದಿನ ಅಕ್ಕನನ್ನು ಕರೆಸಿ ವಿಚಾರಿಸಿದರು. ಗದರಲಿಲ್ಲ, ಹೊಡೆಯಲಿಲ್ಲ, ಅರ್ಧ ದಿನ ಬೆಂಚಿನ ಮೇಲೆ ಕೂರಿಸಿ ಕಳಿಸಿದರು. ಮೂರು ದಿನ ಬಿಟ್ಟು ಅವರು ಕೆಲಸಕ್ಕೆ ಬಂದರು. ತಮ್ಮ ಕೈಚೀಲವನ್ನು ಒಳಗೆ ತರದೆ ಹೊಸಿಲ ಆಚೆ ಇಟ್ಟರು. ಹೋಗುವಾಗ ಅದನ್ನು ಅಮ್ಮನ ಮುಂದೆ ಅಗಲಿಸಿ ತೋರಿಸಿ, "ನೋಡ್ಬಿಡಿ" ಎಂದರು. ಅದರಲ್ಲಿದ್ದದ್ದು ಒಂದು ಸೀರೆಯ ರವಿಕೆ ಪೀಸು, ಎಲೆಅಡಿಕೆ, ಬಸ್ಸಿನ ಚೀಟಿ. ಅಮ್ಮ "ಅಯ್ಯೋ, ಬೇಡ ಕಣೇ" ಎನ್ನುತ್ತಾ ನೋಡಿದಳು. ನೋಡಬಾರದಿತ್ತು, ಆದರೆ ಕಣ್ಣು ಹೋಯಿತು. ನನ್ನದೂ ಹೋಯಿತು.

'ಒಡಲಾಳ'ವನ್ನು ಎತ್ತಪ್ಪನ ಕಡೆ ನಿಂತು ಯಾರೂ ಓದುವುದಿಲ್ಲ. ಓದಬೇಕು ಎಂದು ಈಗ ಅನಿಸುತ್ತದೆ, ಅವನನ್ನು ಸಮರ್ಥಿಸಲಿಕ್ಕಲ್ಲ. ದೂರು ಕೊಡುವ ಶಕ್ತಿಯಿರುವ ಮನೆಯಲ್ಲಿ ಹುಟ್ಟಿದವರಿಗೆ ಆ ಕೃತಿಯೊಳಗೆ ನಿಲ್ಲಲು ನಿಜವಾಗಿ ಇರುವ ಜಾಗ ಅದು.

ಎ.ಕೆ. ರಾಮಾನುಜನ್ ಸಂಗ್ರಹಿಸಿದ ಕನ್ನಡದ ಒಂದು ಜನಪದ ಕಥೆಯಲ್ಲಿ ದೂರು ಕೊಡುವವನು ಕಳ್ಳನ ಅಣ್ಣ. ಮೂರ್ಖರ ರಾಜ್ಯದಲ್ಲಿ ಕನ್ನ ಹಾಕುವಾಗ ಗೋಡೆ ಕುಸಿದು ಕಳ್ಳ ಸಾಯುತ್ತಾನೆ. ಗೋಡೆ ಸರಿಯಿರಲಿಲ್ಲ, ನ್ಯಾಯ ಬೇಕು. ವರ್ತಕ ಗಾರೆಯವನನ್ನು ತೋರಿಸುತ್ತಾನೆ, ಗಾರೆಯವನು ಗೆಜ್ಜೆ ಸದ್ದು ಮಾಡುತ್ತಾ ಓಡಾಡಿದ ನರ್ತಕಿಯನ್ನು, ಅವಳು ಒಡವೆ ಕೊಡದೆ ಅಲೆಸಿದ ಅಕ್ಕಸಾಲಿಗನನ್ನು, ಅವನು ತನಗೆ ಅವಸರದ ಕೆಲಸ ಹಚ್ಚಿದ ವರ್ತಕನ ಅಪ್ಪನನ್ನು. ನಮ್ಮ ಬೀದಿಯಲ್ಲೂ ಹಾಗೇ ಆಯಿತು. ಚಿಲಕ ಹಾಕಿದ ಬಡಗಿ, ಬೊಗಳದ ಎದುರುಮನೆ ನಾಯಿ, ಆಯುಧಪೂಜೆಯಿಂದ ಕೆಟ್ಟುನಿಂತಿದ್ದ ಮೂಲೆಮನೆಯ ಕ್ಯಾಮೆರಾ, ಗೃಹಪ್ರವೇಶದ ಫೋಟೋವನ್ನು ಅಲ್ಲಿಂದಲೇ ಸ್ಟೇಟಸ್ಸಿಗೆ ಹಾಕಿದ ನಾನು. ಕೊನೆಯದು ಮಾತ್ರ ನಿಜವಿರಬಹುದು.

ಆಮೇಲೆ ಕೋಟೆ ಲೂಟಿ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಕಾಲ. ಹಿಂಬಾಗಿಲಿಗೆ ಕಬ್ಬಿಣದ ಗ್ರಿಲ್, ಒಳಬೀಗ, ಹೊರಬೀಗ, ಎರಡು ಕ್ಯಾಮೆರಾ. ಕಾರ್ನಾಡರ 'ನಾಗಮಂಡಲ'ದ ಅಪ್ಪಣ್ಣ ರಾಣಿಯನ್ನು ಒಳಗಿಟ್ಟು ಬೀಗ ಹಾಕುತ್ತಾನೆ, ಸಾಲದೆಂದು ನಾಯಿ ತರುತ್ತಾನೆ, ಮುಂಗುಸಿ ತರುತ್ತಾನೆ. ಬರುವ ನಾಗ ಬಂದೇ ಬರುತ್ತದೆ. ಕಾಪಾಡುವ ಬೀಗಕ್ಕೂ ಕೂಡಿಹಾಕುವ ಬೀಗಕ್ಕೂ ಲೋಹ ಒಂದೇ. ಗ್ರಿಲ್ ಬಂದ ಮೇಲೆ ಸಂಜೆ ಏಳಕ್ಕೆ ಎಲ್ಲಿದ್ದೀಯ ಎಂದು ಫೋನ್ ಬರುವುದೂ ಶುರುವಾಯಿತು. ಜ್ಞಾನಭಾರತಿಯ ಗ್ರಂಥಾಲಯದಿಂದ ಬಸ್ಸು ಹಿಡಿದು ಬರುವಷ್ಟರಲ್ಲಿ ಎರಡು ಸಲ.

ಉಳಿದದ್ದನ್ನು ಎಲ್ಲಿ ಇಡುವುದೆಂಬ ಪ್ರಶ್ನೆ ಬಂದಾಗ ಲಾಕರಿನ ಕರಾರುಪತ್ರವನ್ನು ನಾನೇ ಕೂತು ಓದಿದೆ. 2021ರ ಆಗಸ್ಟಿನಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿ 2022ರ ಜನವರಿಯಿಂದ ಜಾರಿಯಾದ ನಿಯಮದಂತೆ, ಬೆಂಕಿ, ಕಳವು, ದರೋಡೆ, ಕಟ್ಟಡ ಕುಸಿತ ಅಥವಾ ಸಿಬ್ಬಂದಿಯ ವಂಚನೆಯಿಂದ ಲಾಕರಿನಲ್ಲಿದ್ದದ್ದು ಹೋದರೆ ಬ್ಯಾಂಕಿನ ಹೊಣೆ ವರ್ಷದ ಬಾಡಿಗೆಯ ನೂರು ಪಟ್ಟಿನವರೆಗೆ ಮಾತ್ರ. ಮೂರು ಸಾವಿರ ಬಾಡಿಗೆಯಾದರೆ ಮೂರು ಲಕ್ಷ. ಒಳಗೆ ಏನಿದೆ ಎಂದು ಬ್ಯಾಂಕು ಬರೆದಿಟ್ಟುಕೊಳ್ಳುವುದಿಲ್ಲ. ಹಾಗಾಗಿ ಪಟ್ಟಿ ಮಾಡುವ ಕೆಲಸ ಮತ್ತೆ ನಮ್ಮದೇ. ಸಿಕ್ಕ ಮಾಲು ನ್ಯಾಯಾಲಯದ ಮೂಲಕ ಬೇಗ ವಾಪಸು ಬರಬೇಕಾದರೂ ಗುರುತು ಹಿಡಿಯುವ ಆಧಾರ ಬೇಕು. ಸುಂದರ್‌ಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2002ರಲ್ಲೇ ಹೇಳಿತ್ತು: ಪಂಚನಾಮೆ ಮಾಡಿ, ಫೋಟೋ ತೆಗೆದು, ಮುಚ್ಚಳಿಕೆ ಬರೆಸಿಕೊಂಡು ಒಡವೆಗಳನ್ನು ಬೇಗ ಮಾಲೀಕರಿಗೆ ಕೊಡಿ, ಠಾಣೆಯಲ್ಲಿ ವರ್ಷಗಟ್ಟಲೆ ಇಟ್ಟುಕೊಳ್ಳಬೇಡಿ.

ಇದನ್ನು ಓದುವಾಗ ಕುಪ್ಪಳಿ ನೆನಪಾಯಿತು. 2015ರ ನವೆಂಬರಿನಲ್ಲಿ ಕವಿಮನೆಗೆ ಕಳ್ಳರು ನುಗ್ಗಿ ಕುವೆಂಪು ಅವರ ಪದ್ಮ ಪ್ರಶಸ್ತಿಯ ಪದಕಗಳನ್ನು ಒಯ್ದಾಗ ನಾಡೆಲ್ಲ ಬೆಚ್ಚಿತ್ತು. ಪದ್ಮ ಪದಕಗಳು ಕಂಚಿನವು, ತೂಕಕ್ಕೆ ಹಾಕಿದರೆ ಏನೂ ಹುಟ್ಟದು. 2004ರ ಮಾರ್ಚಿನಲ್ಲಿ ಶಾಂತಿನಿಕೇತನದಿಂದ ಟಾಗೋರರ ನೊಬೆಲ್ ಪದಕ ಹೋದಾಗ ಪ್ರತಿಕೃತಿ ಬಂತು, ಜನ ಅದನ್ನೇ ನೋಡಿ ಬರುತ್ತಾರೆ. ಕುಪ್ಪಳಿಗೆ ಹೋದಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಪದಕದ ಗಾಜಿನ ಪೆಟ್ಟಿಗೆಯಲ್ಲ, ಅಡುಗೆಮನೆಯ ಕಡೆಯ ಹಳೆಯ ಸಾಮಾನುಗಳು. ಅವನ್ನು ಯಾರೂ ಕದಿಯಲಿಲ್ಲ. ಬೆಲೆ ಎಂಬುದನ್ನು ನಾವೂ ಕಳ್ಳರೂ ಬೇರೆ ಬೇರೆ ಪುಸ್ತಕದಲ್ಲಿ ಓದುತ್ತೇವೆ. ಆದರೆ ಠಾಣೆಯ ಪೇಪರಿನಲ್ಲಿ ಕಳ್ಳನ ಪುಸ್ತಕದ ಭಾಷೆಯಲ್ಲೇ ಬರೆಯಬೇಕಾಗುತ್ತದೆ: ಎಷ್ಟು ಗ್ರಾಂ.

ಹೋದ ಭಾನುವಾರ ಅಮ್ಮ ಹಾಸಿಗೆಯ ಮೇಲೆ ಬಿಳಿ ಪಂಚೆ ಹಾಸಿ, ಉಳಿದದ್ದನ್ನೆಲ್ಲ ಸಾಲಾಗಿ ಇಟ್ಟಳು. ಆ ದಿನ ಮೈಮೇಲಿದ್ದದ್ದರಿಂದ ಉಳಿದ ಸರ, ಎರಡು ಬಳೆ, ನನ್ನ ಉಂಗುರ, ಕಳ್ಳ ಬೆಳ್ಳಿಯಲ್ಲವೆಂದು ಬಿಟ್ಟುಹೋದ ಆರತಿ ತಟ್ಟೆ. ಅದು ಬೆಳ್ಳಿಯದೇ, ಕಪ್ಪಾಗಿತ್ತು ಅಷ್ಟೆ. ನಾನು ಪಕ್ಕದಲ್ಲಿ ಸ್ಕೇಲ್ ಇಟ್ಟು ಒಂದೊಂದರ ಫೋಟೋ ತೆಗೆಯುತ್ತಿದ್ದೆ. ಫೋಟೋದ ಕೆಳಗೆ ತೂಕ ಬರೆದ ಮೇಲೆ ಅಮ್ಮ ಹೇಳಿದ್ದನ್ನೂ ಬರೆದೆ, ಯಾರು ಕೊಟ್ಟರು, ಯಾವ ಹಬ್ಬ, ಕೊಂಡಿ ಯಾವಾಗ ಮುರಿದಿತ್ತು. ಪೊಲೀಸರಿಗೆ ಬೇಕಾಗುವುದಿಲ್ಲ. ಇರಲಿ.

ಅಕ್ಕ ನೆಲ ಒರೆಸುತ್ತಾ ಬಾಗಿಲ ಹತ್ತಿರ ಬಂದವರು ನಿಂತರು. ಏನು ಮಾಡ್ತಿದ್ದೀರಿ ಎಂದು ಕೇಳಿದರು.

"ಫೋಟೋ ಇದ್ರೆ ಒಳ್ಳೇದಂತೆ, ಹೋದ್ರೆ ಗುರುತಿಗೆ" ಎಂದಳು ಅಮ್ಮ. ಹೇಳಿ ಮುಗಿಸುವಷ್ಟರಲ್ಲಿ ದನಿ ಇಳಿದಿತ್ತು.

ಅಕ್ಕ ಬಟ್ಟೆಯನ್ನು ಬಕೆಟ್ಟಿಗೆ ಹಾಕಿ, ಕೈಯನ್ನು ಸೆರಗಿಗೆ ಒರೆಸಿಕೊಂಡು, ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಿದರು. "ನಂದೂ ಒಂದು ತಗ್ದುಬಿಡು ಕಣವ್ವ. ನಂಗೂ ಇರೋದು ಈ ಓಲೆ ಒಂದೇಯ."

ಬೆಳಕಿನ ಕಡೆ ಬನ್ನಿ ಎಂದೆ. ಕಿಟಕಿಯ ಹತ್ತಿರ ಕತ್ತು ವಾರೆ ಮಾಡಿ ನಿಂತರು. ಮೊದಲನೆಯದು ಮಸುಕಾಯಿತು. ಎರಡನೆಯದು ಚೆನ್ನಾಗಿ ಬಂತು. ತೂಕ ಎಷ್ಟು ಎಂದು ಅವರಿಗೂ ಗೊತ್ತಿರಲಿಲ್ಲ.